ಆರಿಸುವುದು, ಕಾದುವುದು, ಕಾಯುವುದು

ಇಂಗ್ಲಿಷಿನ ‘ಫೈರ್‌ಫೈಟಿಂಗ್’ ಎಂಬ ಪದವನ್ನು ಇಂದು ಬೆಂಕಿಯ ಹತ್ತಿರ ಸುಳಿಯದವರೂ ಧಾರಾಳವಾಗಿ ಬಳಸುತ್ತಾರೆ. ಬೆಂಗಳೂರಿನ ತಂತ್ರಾಂಶ ಕಚೇರಿಯಲ್ಲಾಗಲಿ, ಮುಂಬಯಿಯ ಬ್ಯಾಂಕಿನಲ್ಲಾಗಲಿ ‘ಇವತ್ತು ದಿನವಿಡೀ ಬರೀ ಫೈರ್‌ಫೈಟಿಂಗ್’ ಎಂದು ಒಬ್ಬರು ನಿಟ್ಟುಸಿರಿಟ್ಟರೆ, ಮಾಡಬೇಕೆಂದುಕೊಂಡ ಕೆಲಸ ಮೂಲೆಗೆ ಸರಿದು, ಒಂದರ ಬೆನ್ನಿಗೊಂದು ಬಂದ ತುರ್ತುಗಳನ್ನು ನಿವಾರಿಸುವುದರಲ್ಲೇ ಹೊತ್ತು ಮುಳುಗಿತು ಎಂದರ್ಥ. ಆ ಮಾತಿನಲ್ಲಿ ಆಯಾಸವಿದೆ, ಅದರ ಮರೆಯಲ್ಲಿ ಕೊಂಚ ಹೆಮ್ಮೆಯೂ ಇದೆ. ಇದೇ ಸ್ಥಿತಿಯನ್ನು ನಮ್ಮ ಹಿರಿಯರು ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂದರು. ಗಾದೆಯಲ್ಲಿ ಹೆಮ್ಮೆಗೆ ಎಡೆಯಿಲ್ಲ. ಇರುವುದು ಗೇಲಿ ಮಾತ್ರ. ಬಾವಿ ತೋಡುವವನ ಬೆವರಿನ ಬಗ್ಗೆ ಗಾದೆಗೆ ಅನುಮಾನವಿಲ್ಲ, ಅವನು ತೋಡಲು ಆರಿಸಿಕೊಂಡ ಗಳಿಗೆಯ ಬಗ್ಗೆ ಅದರ ತಕರಾರು.

ಬೆಂಕಿ ಹತ್ತಿದ ಮೇಲೆ ಓಡಿಬಂದವನನ್ನು ನಾವು ನೆನೆಯುತ್ತೇವೆ, ನೆನೆಯಲೂ ಬೇಕು. ಆದರೆ ಬೆಂಕಿ ಹತ್ತದಂತೆ ನೋಡಿಕೊಂಡವನನ್ನು ಏನೆಂದು ಕರೆಯಬೇಕು? ಅವನ ಕೆಲಸ ಚರಿತ್ರೆಯಲ್ಲಿ ಎಲ್ಲಿ ದಾಖಲಾಗುತ್ತದೆ? ಈ ಪ್ರಶ್ನೆಗಳನ್ನು ಕೇಳಿಕೊಳ್ಳಲು ಥಾಣೆ ಜಿಲ್ಲೆಯ ಭಿವಂಡಿಗಿಂತ ತಕ್ಕ ಊರು ವಿರಳ. ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ಪಕ್ಕದ ಊರು. ಸುದ್ದಿಯಲ್ಲಿ ಕಾಣಿಸಿಕೊಂಡಾಗಲೆಲ್ಲ ಬಹುಮಟ್ಟಿಗೆ ಬೆಂಕಿಯ ಕಾರಣದಿಂದಲೇ ಕಾಣಿಸಿಕೊಳ್ಳುವ ಊರು. ಅದು ಎರಡು ಬಗೆಯ ಬೆಂಕಿಯನ್ನು ಕಂಡಿದೆ: ಮಗ್ಗಕ್ಕೂ ಗೋದಾಮಿಗೂ ಹತ್ತುವ ಬೆಂಕಿ ಒಂದು, ಮನುಷ್ಯರ ನಡುವೆ ಹೊತ್ತುವ ಬೆಂಕಿ ಮತ್ತೊಂದು.

ಊರಿಗೆ ಹೋಗುವ ಮುನ್ನ ಪದಗಳನ್ನು ನೋಡೋಣ. ‘ಫೈರ್‌ಫೈಟಿಂಗ್’ ಎಂಬಲ್ಲಿ ಬೆಂಕಿ ಶತ್ರು, ಅದಕ್ಕೆ ಎದುರಾಗುವವನು ಯೋಧ. ಪ್ರಾಚೀನ ರೋಮಿನಲ್ಲಿ ಹೀಗಿರಲಿಲ್ಲ. ಕ್ರಿಸ್ತಶಕ 6ರಲ್ಲಿ ಚಕ್ರವರ್ತಿ ಆಗಸ್ಟಸ್ ಕಟ್ಟಿದ ಏಳು ತುಕಡಿಗಳ ಅಗ್ನಿದಳಕ್ಕೆ ‘ವಿಜಿಲೆಸ್’ ಎಂದು ಹೆಸರು. ಎಂದರೆ ಎಚ್ಚರವಿರುವವರು, ರಾತ್ರಿ ಕಾವಲಿನವರು. ಅವರ ಮೊದಲ ಕೆಲಸ ಬೀದಿ ಸುತ್ತುವುದು. ಹಿಂದಿಯ ‘ದಮಕಲ್’ ಎಂಬ ಪದದಲ್ಲಿ ಯೋಧನೂ ಇಲ್ಲ, ಕಾವಲುಗಾರನೂ ಇಲ್ಲ, ನೀರೆರಚುವ ಯಂತ್ರ ಮಾತ್ರ ಇದೆ. ಮರಾಠಿಯ ಆಡುಮಾತಿನಲ್ಲಿ ಅಗ್ನಿಶಾಮಕ ವಾಹನಕ್ಕೆ ‘ಬಂಬ’ ಎನ್ನುತ್ತಾರೆ. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯೂ ‘ಬಂಬ’ವೇ. ಪೋರ್ಚುಗೀಸರ ‘ಬೊಂಬ’ದಿಂದ ಬಂದ ಮಾತಿದು. ಆ ಭಾಷೆಯಲ್ಲಿ ಪಂಪಿಗೂ ಬಾಂಬಿಗೂ ಒಂದೇ ಪದ.

ಕನ್ನಡದ ‘ಅಗ್ನಿಶಾಮಕ’, ಮರಾಠಿಯ ‘ಅಗ್ನಿಶಮನ’ ಎರಡಕ್ಕೂ ಬೇರು ಸಂಸ್ಕೃತದ ‘ಶಮ’. ಕರ್ನಾಟಕದ 1964ರ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿ ‘ಫೋರ್ಸ್’ ಎಂಬ ಬಲಪ್ರಯೋಗದ ಪದವಿದ್ದರೆ, ಕನ್ನಡದ ಹೆಸರಿನಲ್ಲಿ ಬೆಂಕಿಯನ್ನು ಶಾಂತಗೊಳಿಸುವ ಭಾವವಿದೆ. ಆದರೆ ‘ಶಮನ’ ಅಷ್ಟು ಸಾಧುವಾದ ಪದವೇನೂ ಅಲ್ಲ. ಆಯುರ್ವೇದದಲ್ಲಿ ದೋಷವನ್ನು ಹೊರಹಾಕುವುದು ಶೋಧನ, ಇದ್ದಲ್ಲೇ ತಗ್ಗಿಸುವುದು ಶಮನ. ವೈದಿಕ ಯಜ್ಞದಲ್ಲಿ ಪಶುವನ್ನು ಕೊಲ್ಲುವವನಿಗೆ ‘ಶಮಿತೃ’ ಎಂದು ಹೆಸರು. ಯಮನಿಗೂ ‘ಶಮನ’ ಎಂಬ ಹೆಸರನ್ನು ಕೋಶಗಳು ಹೇಳುತ್ತವೆ. ಎಂದರೆ ಶಾಂತವಾಗಿಸುವುದು ಗುಣಪಡಿಸುವುದೂ ಆಗಬಹುದು, ಸದ್ದಡಗಿಸುವುದೂ ಆಗಬಹುದು. ಈ ಎರಡರ ವ್ಯತ್ಯಾಸ ಭಿವಂಡಿಯ ಕಥೆಯಲ್ಲಿ ಮುಂದೆ ಮುಖ್ಯವಾಗುತ್ತದೆ.

ಅಚ್ಚಗನ್ನಡದ ‘ಆರು’ ಎಂಬ ಕ್ರಿಯಾಪದ ಇದಕ್ಕಿಂತ ಸರಳ, ಇದಕ್ಕಿಂತ ಅಗಲ. ಬಿಸಿ ಅನ್ನ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಬೆವರು ಆರುತ್ತದೆ, ದಣಿವು ಆರುತ್ತದೆ, ಹುಣ್ಣು ಆರುತ್ತದೆ, ಬೆಂಕಿಯೂ ಆರುತ್ತದೆ. ತಣಿಯುವುದು, ಒಣಗುವುದು, ಮಾಯುವುದು, ನಂದುವುದು ಎಲ್ಲಕ್ಕೂ ಒಂದೇ ಮಾತು. ಈ ಎಲ್ಲ ಆರುವಿಕೆಗೂ ಸಮಾನವಾದ ಗುಣವೊಂದಿದೆ: ಅದಕ್ಕೆ ಸಮಯ ಬೇಕು. ಹುಣ್ಣನ್ನು ಹೊಡೆದು ಆರಿಸಲಾಗದು.

ಬೆಂಕಿಯ ವಿಷಯದಲ್ಲಿ ನಮ್ಮ ಹಳೆಯ ಆಡಳಿತ ಚಿಂತನೆ ಯುದ್ಧಕ್ಕಿಂತ ಎಚ್ಚರಕ್ಕೆ ಹೆಚ್ಚು ಬೆಲೆ ಕೊಟ್ಟಿತ್ತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವನ್ನು ತೆರೆದರೆ ಇದು ಕಾಣುತ್ತದೆ. ಬೇಸಿಗೆಯಲ್ಲಿ ನಡುಹಗಲು ಒಲೆ ಹೊತ್ತಿಸಬಾರದು. ಮನೆಯಲ್ಲಿ ನೀರಿನ ಪಾತ್ರೆ, ಏಣಿ, ಕೊಡಲಿ, ಕೊಕ್ಕೆ, ಚರ್ಮದ ಚೀಲಗಳು ಸಿದ್ಧವಿರಬೇಕು. ಬೆಂಕಿಯಿಂದ ಜೀವನ ಮಾಡುವ ಕಸುಬಿನವರೆಲ್ಲ ಒಂದೇ ಕಡೆ ವಾಸಿಸಬೇಕು. ರಾಜಬೀದಿಗಳಲ್ಲೂ ಚೌಕಗಳಲ್ಲೂ ನೀರು ತುಂಬಿದ ಕೊಡಗಳನ್ನು ಸಾಲಾಗಿ ಇಟ್ಟಿರಬೇಕು. ಬೆಂಕಿ ಬಿದ್ದ ಮನೆಯತ್ತ ಓಡದ ಮನೆಯೊಡೆಯನಿಗೆ 12 ಪಣ ದಂಡ, ಬಾಡಿಗೆದಾರನಿಗೆ 6 ಪಣ. ನೆರೆಮನೆಯ ಬೆಂಕಿಯನ್ನು ಸುಮ್ಮನೆ ನಿಂತು ನೋಡುವುದು ಅಪರಾಧವೆಂದು ಕೌಟಿಲ್ಯನಿಗೆ ತಿಳಿದಿತ್ತು; ಆ ಹೊಣೆ ಒಡೆಯನಿಗೂ ಉಂಟು, ಬಾಡಿಗೆಗೆ ಬಂದವನಿಗೂ ಉಂಟು.

ಇನ್ನೊಂದು ಪದ ಉಳಿಯಿತು. ಗಲಭೆಯಾದ ಊರಿನಲ್ಲಿ ಮೊದಲು ಕಿವಿಗೆ ಬೀಳುವ ಮಾತು ‘ಕರ್ಫ್ಯೂ’. ಅದರ ಮೂಲ ಹಳೆಯ ಫ್ರೆಂಚಿನಲ್ಲಿದೆ. ಅರ್ಥ ‘ಬೆಂಕಿ ಮುಚ್ಚು’. ಮಧ್ಯಯುಗದ ಯುರೋಪಿನ ಮರದ ಮನೆಗಳ ಊರುಗಳಲ್ಲಿ ರಾತ್ರಿ ಗಂಟೆ ಬಾರಿಸಿದಾಗ ಒಲೆಯ ಕೆಂಡವನ್ನು ಮುಚ್ಚಬೇಕಿತ್ತು. ನಮ್ಮ ಹಳ್ಳಿಗಳ ಅಡಿಗೆಮನೆಯಲ್ಲೂ ಈ ರೂಢಿ ಇತ್ತು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದರು, ಬೆಳಗ್ಗೆ ಬೂದಿ ಸರಿಸಿ ಊದಿದರೆ ಒಲೆ ಮತ್ತೆ ಹೊತ್ತುತ್ತಿತ್ತು. ಬೂದಿ ಮುಚ್ಚುವುದು ಬೆಂಕಿಯನ್ನು ಆರಿಸಲಿಕ್ಕಲ್ಲ, ನಾಳೆಗೆ ಉಳಿಸಿಕೊಳ್ಳಲಿಕ್ಕೆ. ಕರ್ಫ್ಯೂ ಜಾರಿಯಲ್ಲಿರುವ ಊರನ್ನು ನಮ್ಮ ಪತ್ರಿಕೆಗಳು ‘ಬೂದಿ ಮುಚ್ಚಿದ ಕೆಂಡ’ ಎಂದು ಬಣ್ಣಿಸುವಾಗ, ಆ ಪದದ ಮೂಲಾರ್ಥವನ್ನೇ ಅರಿಯದೆ ಅನುವಾದಿಸುತ್ತಿರುತ್ತವೆ.

ಒಳಗೇ ಉಳಿದ ಕೆಂಡ ಏನು ಮಾಡಬಲ್ಲದೆಂಬುದಕ್ಕೆ ಈ ಪ್ರದೇಶದ ಅತಿ ಘೋರ ಸಾಕ್ಷ್ಯ 1944ರ ಏಪ್ರಿಲ್ 14ರದು. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿತ್ತು. ಅದರಲ್ಲಿ ಹತ್ತಿಯ ಸಾವಿರಾರು ಅಂಡಿಗೆಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕ ಸಿಬ್ಬಂದಿ ಗಂಟೆಗಟ್ಟಲೆ ನೀರು ಹಾಯಿಸಿದರು, ಬೆಂಕಿಯ ಮೂಲ ಮಾತ್ರ ಕೈಗೆ ಸಿಗಲಿಲ್ಲ. ಬಿಗಿದ ಹತ್ತಿಯ ಬೆಂಕಿಯ ಸ್ವಭಾವವೇ ಹಾಗೆ: ಮೇಲ್ಮೈ ತೊಯ್ದರೂ ಒಳಗಡೆ ಅದು ಹೊಗೆಯಾಡುತ್ತಲೇ ಇರುತ್ತದೆ, ಅಂಡಿಗೆಯನ್ನು ಬಿಚ್ಚದೆ ಆರುವುದಿಲ್ಲ. ಸಂಜೆ ನಾಲ್ಕು ಗಂಟೆಯ ನಂತರ ಅರ್ಧ ತಾಸಿನ ಅಂತರದಲ್ಲಿ ಎರಡು ಮಹಾಸ್ಫೋಟಗಳಾದವು. ಕರ್ತವ್ಯದಲ್ಲಿದ್ದ 66 ಅಗ್ನಿಶಾಮಕರು ಮಡಿದರು, ಒಟ್ಟು ನೂರಾರು ಜನ ಸತ್ತರು. ಅವರ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ‘ಕಾದಾಟ’ ಎಂಬ ಪದಕ್ಕೆ ಅವರು ಪೂರ್ತಿ ಅರ್ಹರು. ಆದರೆ ಹತ್ತಿಯನ್ನೂ ಸ್ಫೋಟಕವನ್ನೂ ಒಂದೇ ಹಡಗಿನಲ್ಲಿ ತುಂಬಿದ ನಿರ್ಧಾರ ಅವರದಾಗಿರಲಿಲ್ಲ. ಬೇರೆಯವರ ಅಜಾಗ್ರತೆಯನ್ನು ಅವರು ತಮ್ಮ ಜೀವದಿಂದ ತೀರಿಸಿದರು. ಶೌರ್ಯದ ಪ್ರತಿಯೊಂದು ಸ್ಮಾರಕದ ಹಿಂದೆಯೂ ಇಂಥದೊಂದು ಪ್ರಶ್ನೆ ನಿಂತಿರುತ್ತದೆ.

ಅದೇ ಹತ್ತಿಯ ಎಳೆ ನಮ್ಮನ್ನು ಭಿವಂಡಿಗೆ ಕರೆದೊಯ್ಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಭಾರತದಿಂದ ಬಂದ ಮುಸ್ಲಿಂ ನೇಕಾರರು ಇಲ್ಲಿ ಕೈಮಗ್ಗ ಹೂಡಿದರು. ಮುಂದೆ ವಿದ್ಯುತ್ ಮಗ್ಗ ಬಂದಿತು, ತೆಲುಗು ನಾಡಿನ ಪದ್ಮಶಾಲಿಗಳೂ ಬಂದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಮಹಾಮುಷ್ಕರ ಆರಂಭವಾದ ಮೇಲೆ, ಗಿರಣಿಗಳ ಕೆಲಸದ ದೊಡ್ಡ ಪಾಲು ಭಿವಂಡಿಯ ಮಗ್ಗಗಳಿಗೆ ಹರಿಯಿತು. ಇಲ್ಲಿ ಮಗ್ಗದ ಒಡೆಯ ಒಂದು ಧರ್ಮದವನು, ಕೂಲಿಯವನು ಇನ್ನೊಂದು ಧರ್ಮದವನು, ನೂಲು ಕೊಡುವ ವ್ಯಾಪಾರಿ ಮತ್ತೊಬ್ಬನು ಆಗಿರುವುದು ಸಾಮಾನ್ಯ. ಒಂದು ಮಗ್ಗ ಸುಟ್ಟರೆ ಎರಡು ಮೂರು ಧರ್ಮದ ಮನೆಗಳಲ್ಲಿ ಒಲೆ ಆರುತ್ತದೆ.

ಆದರೂ ಮಗ್ಗಗಳು ಸುಟ್ಟವು. 1970ರ ಮೇ 7ರಂದು ಶಿವಜಯಂತಿಯ ಮೆರವಣಿಗೆಯ ಸಂದರ್ಭದಲ್ಲಿ ಭುಗಿಲೆದ್ದ ಹಿಂಸೆ ಭಿವಂಡಿಯಿಂದ ಜಳಗಾಂವ್, ಮಹಾಡಗಳಿಗೂ ಹಬ್ಬಿತು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಡಿ.ಪಿ. ಮದನ್ ಅವರ ಆಯೋಗ, ಅದು ಒಂದೇ ದಿನ ಎದ್ದ ಬೆಂಕಿಯಲ್ಲವೆಂದು ಸವಿಸ್ತಾರವಾಗಿ ದಾಖಲಿಸಿತು; ಹಲವು ವರ್ಷಗಳಿಂದ ಮೆರವಣಿಗೆಯ ದಾರಿ, ಘೋಷಣೆಗಳ ಸುತ್ತ ಬೆಳೆಯುತ್ತಿದ್ದ ಬಿಗುವನ್ನು ಗುರುತಿಸಿತು; ಗಲಭೆಯ ನಂತರದ ಪೊಲೀಸ್ ತನಿಖೆಯ ನಿಷ್ಪಕ್ಷಪಾತವನ್ನೇ ಪ್ರಶ್ನಿಸಿತು. ಕರ್ಫ್ಯೂ ಬಂದಿತು, ಹೋಯಿತು. ಹದಿನಾಲ್ಕು ವರ್ಷಗಳ ನಂತರ, 1984ರ ಮೇ ತಿಂಗಳಲ್ಲಿ ಭಿವಂಡಿ ಮತ್ತೆ ಉರಿಯಿತು. ಈ ಬಾರಿ ಕಿಚ್ಚು ಥಾಣೆ, ಮುಂಬಯಿಗಳಿಗೂ ಹರಡಿ ನೂರಕ್ಕೂ ಹೆಚ್ಚು ಜನ ಸತ್ತರು, ಸೇನೆಯನ್ನು ಕರೆಸಬೇಕಾಯಿತು. ಮತ್ತೆ ಕರ್ಫ್ಯೂ, ಮತ್ತೆ ಬೂದಿ, ಬೂದಿಯಡಿಯಲ್ಲಿ ಅದೇ ಕೆಂಡ.

ಕೆಂಡ ತಾನಾಗಿಯೇ ಉಳಿಯುವುದಿಲ್ಲ, ಉಳಿಸುವವರಿರುತ್ತಾರೆ. ಉತ್ತರ ಪ್ರದೇಶದ ಗಲಭೆಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ರಾಜಕೀಯ ವಿಜ್ಞಾನಿ ಪಾಲ್ ಬ್ರಾಸ್, ಊರಿನಲ್ಲಿ ಕೋಮುದ್ವೇಷದ ಕೆಂಡವನ್ನು ಆರದಂತೆ ಕಾಪಾಡಿಕೊಂಡು ಬರುವವರಿಗೆ ‘ಫೈರ್ ಟೆಂಡರ್’ ಎಂದು ಹೆಸರಿಟ್ಟರು. ಭಾರತದ ಇಂಗ್ಲಿಷಿನಲ್ಲಿ ಅದೇ ‘ಫೈರ್ ಟೆಂಡರ್’ ಎಂದರೆ ಬೆಂಕಿ ಆರಿಸಲು ಬರುವ ಕೆಂಪು ವಾಹನ. ಹೀಗೆ ಬೆಂಕಿ ಸಾಕುವವನಿಗೂ ಆರಿಸುವ ವಾಹನಕ್ಕೂ ಒಂದೇ ಹೆಸರಾಯಿತು. ಇದು ಆಕಸ್ಮಿಕವೇ ಇರಬಹುದು. ಆದರೆ ಸಣ್ಣ ಜಗಳಕ್ಕೆ ತುಪ್ಪ ಸುರಿದವನೇ ಮರುದಿನ ಶಾಂತಿಸಭೆಯ ವೇದಿಕೆಯಲ್ಲಿ ಕುಳಿತಿರುವುದನ್ನು ಕಂಡ ಯಾವ ಊರಿಗೂ ಈ ಶ್ಲೇಷೆ ವಿಚಿತ್ರವೆನಿಸದು.

ಪಂಪನಿಂದ ಹಿಡಿದು ನಮ್ಮ ಭಾರತ ಕಥೆಗಳಲ್ಲಿ ಬರುವ ಖಾಂಡವದಹನವನ್ನೂ ಇಲ್ಲಿ ನೆನೆಯಬಹುದು. ಅಲ್ಲಿ ಬೆಂಕಿ ಆರಿಸಲು ಮಳೆ ಸುರಿಸುವವನು ಇಂದ್ರ. ಆ ಮಳೆ ಕೆಳಗೆ ಬೀಳದಂತೆ ಬಾಣಗಳ ಚಪ್ಪರ ಕಟ್ಟುವವನು ಅರ್ಜುನ. ಯುದ್ಧ ನಡೆಯುವುದು ಬೆಂಕಿಯೊಡನೆ ಅಲ್ಲ, ಬೆಂಕಿ ಆರಿಸಬಂದವನೊಡನೆ. ಗಲಭೆಯ ಬೀದಿಯಲ್ಲಿ ಅಗ್ನಿಶಾಮಕ ವಾಹನಕ್ಕೆ ಅಡ್ಡಲಾಗಿ ಕಲ್ಲು, ಟೈರು ಪೇರಿಸುವವರು ಮಾಡುವುದೂ ಅದನ್ನೇ.

ಭಿವಂಡಿಯ ಕಥೆ ಇಲ್ಲಿಗೇ ಮುಗಿದಿದ್ದರೆ ಬರೆಯಲು ವಿಶೇಷವೇನೂ ಇರುತ್ತಿರಲಿಲ್ಲ. 1988ರಲ್ಲಿ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಭಿವಂಡಿಗೆ ಉಪ ಆಯುಕ್ತರಾಗಿ ಬಂದರು. ಹಿಂದೆಯೂ ‘ಶಾಂತಿ ಸಮಿತಿ’ಗಳಿದ್ದವು. ಹಬ್ಬಕ್ಕೆ ಮೊದಲು ಊರಿನ ಗಣ್ಯರನ್ನು ಕೂಡಿಸಿ, ಚಹಾ ಕೊಟ್ಟು, ಸೌಹಾರ್ದದ ಮಾತಾಡಿ ಕಳಿಸುವುದು ಅವುಗಳ ರೀತಿ. ಖೋಪಡೆ ಕಟ್ಟಿದ ಮೊಹಲ್ಲಾ ಸಮಿತಿಗಳ ಹಾದಿ ಬೇರೆ. ಪ್ರತಿ ಬಡಾವಣೆಯಲ್ಲೂ ಎರಡೂ ಸಮುದಾಯದ ಸಾಮಾನ್ಯ ಜನ ಸದಸ್ಯರು. ಆ ಪ್ರದೇಶದ ಪೊಲೀಸ್ ಸಿಬ್ಬಂದಿಯೇ ಅವರನ್ನು ಕೂಡಿಸುವವರು. ಸಭೆ ಹಬ್ಬಕ್ಕೊಮ್ಮೆ ಅಲ್ಲ, ವರ್ಷವಿಡೀ. ದೊಡ್ಡ ತತ್ತ್ವಗಳಿಗಿಂತ ನೆರೆಹೊರೆಯ ಸಣ್ಣಪುಟ್ಟ ತಂಟೆಗಳೇ ಅಲ್ಲಿ ಬಗೆಹರಿಯಬೇಕಾದ ವಿಷಯಗಳು. ಒಬ್ಬರ ಮುಖ ಇನ್ನೊಬ್ಬರಿಗೆ ಪರಿಚಯವಾಯಿತು, ಪೊಲೀಸ್ ಪೇದೆಯ ಮುಖ ಇಬ್ಬರಿಗೂ ಪರಿಚಯವಾಯಿತು. ವದಂತಿ ಹಬ್ಬಿದರೆ ನಿಜವೇನೆಂದು ಯಾರನ್ನು ಕೇಳಬೇಕೆಂಬುದು ತಿಳಿಯಿತು.

ಬೆಂಕಿಯ ಶಾಸ್ತ್ರ ಬಲ್ಲವರು ಹೇಳುವಂತೆ ಬೆಂಕಿಗೆ ಮೂರು ಬೇಕು: ಉರುವಲು, ಕಾವು, ಗಾಳಿ. ಮೂರರಲ್ಲಿ ಒಂದನ್ನು ತೆಗೆದರೆ ಅದು ಆರುತ್ತದೆ. ಕರ್ಫ್ಯೂ ಮಾಡುವುದು ಗಾಳಿ ಕಟ್ಟುವ ಕೆಲಸ. ಮುಚ್ಚಳ ತೆಗೆದೊಡನೆ ಗಾಳಿ ಮರಳುತ್ತದೆ. ಲಾಠಿ, ಗೋಲಿಬಾರುಗಳು ಕಾವಿಳಿಸಲು ಹೊರಟು ಅನೇಕ ವೇಳೆ ಕಾವನ್ನೇ ಏರಿಸುತ್ತವೆ. ಮೊಹಲ್ಲಾ ಸಮಿತಿ ಕೈಹಾಕಿದ್ದು ಉರುವಲಿಗೆ. ಹತ್ತಿಯ ಅಂಡಿಗೆಯನ್ನು ಬಿಚ್ಚಿ ಒಳಗಿನ ಹೊಗೆಯನ್ನು ಹುಡುಕುವ ನಿಧಾನದ ಕೆಲಸ ಅದು.

ಪರೀಕ್ಷೆ ಬೇಗನೆ ಬಂದಿತು. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಆ ಡಿಸೆಂಬರಿನಲ್ಲೂ ಮರುವರ್ಷದ ಜನವರಿಯಲ್ಲೂ ಮುಂಬಯಿ ಹೊತ್ತಿ ಉರಿಯಿತು. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗದ ವರದಿ ಆ ಎರಡು ತಿಂಗಳುಗಳಲ್ಲಿ ಸತ್ತವರ ಸಂಖ್ಯೆಯನ್ನು 900 ಎಂದು ದಾಖಲಿಸಿತು. 1984ರಲ್ಲಿ ಕಿಚ್ಚು ಹೊತ್ತಿದ್ದು ಭಿವಂಡಿಯಲ್ಲಿ. ಈಗ ಮುಂಬಯಿ ಉರಿಯುತ್ತಿದ್ದರೆ ಭಿವಂಡಿ ಉರಿಯಲಿಲ್ಲ. ಮುಂಬಯಿ ಏಕೆ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಪ್ರಶ್ನೆಯನ್ನೇ ಖೋಪಡೆಯವರು ತಮ್ಮ ಪುಸ್ತಕದ ಹೆಸರಾಗಿಸಿದರು. ಸಮಾಜವಿಜ್ಞಾನಿ ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಎರಡೂ ಸಮುದಾಯಗಳನ್ನು ಹೆಣೆಯುವ ನಾಗರಿಕ ಬಂಧಗಳಿದ್ದಲ್ಲಿ ಗಲಭೆಗೆ ತಡೆ ಬೀಳುತ್ತದೆಂಬ ವಾದಕ್ಕೆ ಭಿವಂಡಿಯನ್ನೂ ನಿದರ್ಶನವಾಗಿ ತಂದರು. ಮುಂಬಯಿಯೂ ಕಲಿಯಿತು. ಗಲಭೆಯ ನಂತರ ಜೂಲಿಯೋ ರಿಬೇರೊ, ಸತೀಶ್ ಸಾಹ್ನಿ ಮೊದಲಾದವರು ಅಲ್ಲಿಯೂ ಮೊಹಲ್ಲಾ ಸಮಿತಿಗಳ ಚಳವಳಿಗೆ ಬೆನ್ನೆಲುಬಾದರು. ಬಾವಿ ತೋಡಿದ್ದು ಮನೆ ಸುಟ್ಟ ಮೇಲೆ; ಆದರೂ ಮುಂದಿನ ಮನೆಗಾಗಿ ತೋಡಿದ ಬಾವಿಯದು.

ಇದನ್ನು ಪವಾಡವೆಂದು ಬರೆಯುವುದು ತಪ್ಪು. ಮೊಹಲ್ಲಾ ಸಮಿತಿ ಪೊಲೀಸ್ ಇಲಾಖೆಯ ಒಳಗಿನಿಂದ ಹುಟ್ಟಿದ ವ್ಯವಸ್ಥೆ. ಅಧಿಕಾರಿ ವರ್ಗವಾಗುತ್ತಾನೆ, ಅವನ ಉತ್ಸಾಹ ಕಡತದೊಡನೆ ಹಸ್ತಾಂತರವಾಗುವುದಿಲ್ಲ. 2006ರ ಜುಲೈಯಲ್ಲಿ ಭಿವಂಡಿಯಲ್ಲಿ ಸ್ಮಶಾನಭೂಮಿಯ ಪಕ್ಕದಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಚಾರವಾಗಿ ಜನರೂ ಪೊಲೀಸರೂ ಮುಖಾಮುಖಿಯಾದರು. ಗೋಲಿಬಾರಿನಲ್ಲಿ ಇಬ್ಬರು ಸತ್ತರು, ಉದ್ರಿಕ್ತ ಗುಂಪು ಇಬ್ಬರು ಪೊಲೀಸರನ್ನು ಕೊಂದಿತು. ಅದು ಹಿಂದೂ ಮುಸ್ಲಿಂ ಗಲಭೆಯಲ್ಲ. ಆದರೆ ಮೊಹಲ್ಲಾ ಸಮಿತಿ ಯಾವ ನಂಬಿಕೆಯ ಮೇಲೆ ನಿಂತಿತ್ತೋ, ಜನರಿಗೂ ಠಾಣೆಗೂ ನಡುವಣ ಆ ನಂಬಿಕೆಯೇ ಅಂದು ಬಿರುಕು ಬಿಟ್ಟಿತ್ತು. ‘ಶಮನ’ದ ಎರಡು ಅರ್ಥಗಳ ನಡುವಣ ಗೆರೆ ಎಷ್ಟು ತೆಳುವೆಂಬುದು ಇಲ್ಲಿ ಗೊತ್ತಾಗುತ್ತದೆ. ಸದ್ದಡಗಿದ ಊರೆಲ್ಲ ಆರಿದ ಊರಲ್ಲ. ಆರಿದ ಊರನ್ನೂ ದಿನವೂ ನೋಡಿಕೊಳ್ಳುತ್ತಿರಬೇಕು.

ಇದೇ ಮಾತು ಗೋದಾಮುಗಳ ಬೆಂಕಿಗೂ ಸಲ್ಲುತ್ತದೆ. ಮುಂಬಯಿ ನಾಸಿಕ ಹೆದ್ದಾರಿಯ ಇಕ್ಕೆಲಗಳಲ್ಲಿ, ಭಿವಂಡಿಯ ಸುತ್ತಲಿನ ಹಳ್ಳಿಗಳಲ್ಲಿ ಇಂದು ಬಟ್ಟೆ, ರಾಸಾಯನಿಕ, ಪ್ಲಾಸ್ಟಿಕ್, ಅಂತರ್ಜಾಲ ಮಾರಾಟದ ಸರಕುಗಳ ಗೋದಾಮುಗಳು ಸಾಲುಗಟ್ಟಿವೆ. ಅಲ್ಲಿ ಬೆಂಕಿ ಬಿದ್ದಾಗ ಥಾಣೆಯಿಂದಲೂ ಕಲ್ಯಾಣದಿಂದಲೂ ಬಂಬಗಳು ಓಡಿಬರುತ್ತವೆ, ಬೆಂಕಿ ತಾಸುಗಟ್ಟಲೆ ಉರಿಯುತ್ತದೆ, ವಾಹಿನಿಗಳು ಜ್ವಾಲೆಯನ್ನು ತೋರಿಸುತ್ತವೆ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷೆಯ ಕಾಯಿದೆಯ ಹೆಸರಿನಲ್ಲಿ ಮೊದಲು ಬರುವ ಮಾತು ‘ಆಗ್ ಪ್ರತಿಬಂಧಕ’, ಎಂದರೆ ಬೆಂಕಿ ತಡೆಯುವುದು. ಕಟ್ಟಡದ ಅಗ್ನಿಸುರಕ್ಷಾ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಬಾರಿ, ಜನವರಿಯಲ್ಲೂ ಜುಲೈಯಲ್ಲೂ, ಒಡೆಯನೋ ಬಳಕೆದಾರನೋ ಸಲ್ಲಿಸಬೇಕೆಂಬುದು ಅದರ ನಿಯಮ. ಒಡೆಯನಿಗೂ ಬಾಡಿಗೆದಾರನಿಗೂ ಹೊಣೆ ಹಂಚಿದ ಕೌಟಿಲ್ಯನ ಸೂತ್ರದಿಂದ ಇದೇನೂ ದೂರವಿಲ್ಲ. ಕೊರತೆ ಇರುವುದು ಕಾಯಿದೆಯಲ್ಲಲ್ಲ, ನಮ್ಮ ಗಮನದಲ್ಲಿ. ಸರಿಯಾಗಿ ಸಲ್ಲಿಕೆಯಾದ ಪ್ರಮಾಣಪತ್ರ ಎಂದೂ ಸುದ್ದಿಯಾಗುವುದಿಲ್ಲ.

ಚರಿತ್ರೆಗೂ ಇದೇ ದೌರ್ಬಲ್ಯವಿದೆ. ಉರಿದ ಊರಿಗೆ ಆಯೋಗವುಂಟು, ವರದಿಯುಂಟು, ಸತ್ತವರ ಸಂಖ್ಯೆಯುಂಟು. ಉರಿಯದೆ ಉಳಿದ ಊರಿಗೆ ದಾಖಲೆಯಿಲ್ಲ. 1992ರ ಡಿಸೆಂಬರಿನಲ್ಲಿ ಭಿವಂಡಿಯಲ್ಲಿ ಯಾರು ಯಾರ ಕೈ ಹಿಡಿದು ಮನೆಯೊಳಗೆ ಕರೆದೊಯ್ದರು, ಯಾವ ವದಂತಿ ಯಾವ ಬೀದಿಯ ತಿರುವಿನಲ್ಲಿ ಸತ್ತಿತು ಎಂಬುದನ್ನು ಹೇಳುವ ಆಯೋಗ ಕೂರಲಿಲ್ಲ. ನಡೆಯದೆ ಹೋದ ಘಟನೆಗೆ ಸಾಕ್ಷಿ ಕೇಳುವವರಿಲ್ಲ. ಹೀಗಾಗಿ ನಮ್ಮ ನೆನಪಿನಲ್ಲಿ ಭಿವಂಡಿ ಎಂದರೆ 1970 ಮತ್ತು 1984 ಮಾತ್ರ; ಅದರ ಅತಿದೊಡ್ಡ ಸಾಧನೆಯಾದ 1992 ಯಾರ ನಾಲಗೆಯ ಮೇಲೂ ಇಲ್ಲ.

ಕನ್ನಡದಲ್ಲಿ ‘ಕಾದು’ ಎಂದರೆ ಹೋರಾಡು ಎಂಬ ಅರ್ಥವಿದೆ. ‘ಕಾಯು’ ಎಂದರೆ ಬಿಸಿಯಾಗು, ರಕ್ಷಿಸು, ಎದುರು ನೋಡು ಎಂಬ ಮೂರು ಅರ್ಥಗಳಿವೆ. ಹಾಲು ಕಾಯುತ್ತದೆ, ಗೋವಳ ದನ ಕಾಯುತ್ತಾನೆ, ಮನೆಯವರು ಬರುವವರಿಗಾಗಿ ಕಾಯುತ್ತಾರೆ. ಕಾದಾಡುವವರ ಹೆಸರನ್ನು ನಾವು ಏಪ್ರಿಲ್ 14ರಂದು ಗೌರವದಿಂದ ನೆನೆಯುತ್ತೇವೆ, ನೆನೆಯುತ್ತಲೇ ಇರಬೇಕು. ಅವರು ಬಂಬ ತರುವ ಮುನ್ನ ಬೀದಿ ಕಾದವರಿಗೆ, ಕಾವು ಏರುತ್ತಿರುವುದನ್ನು ಮೊದಲು ಕಂಡು ಮಾತಾಡಿದ ನೆರೆಯವರಿಗೆ, ಜನವರಿ ಜುಲೈಗಳಲ್ಲಿ ತಪ್ಪದೆ ನೀರಿನ ಕೊಳವೆಯನ್ನು ತಿರುಗಿಸಿ ನೋಡುವ ಗೋದಾಮಿನ ನೌಕರನಿಗೆ ಇನ್ನೂ ಒಂದು ಹೆಸರು ಹುಡುಕಬೇಕಾಗಿದೆ. ರೋಮನ್ನರು ಇಟ್ಟ ಹೆಸರು ಹಳೆಯದು, ಆದರೂ ಸರಿಯಾದದ್ದು: ಎಚ್ಚರವಿರುವವರು.